ಅಕ್ಕನ ಪಾಲು

ಆಗುವುದಿಲ್ಲ ಎಂದು ಹೇಳಿದವಳು ನನ್ನ ಅಜ್ಜಿ, ತಾಯಿಯ ತಾಯಿ, ಕಮಲಜ್ಜಿ. ಊರಿನವರಲ್ಲ, ಶಾಲೆಯವರಲ್ಲ, ನಮ್ಮನ್ನು ಕಂಡರಾಗದ ನೆಂಟರೂ ಅಲ್ಲ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಬೀಡಿ ಎಲೆ ತುಂಬಿದ ಬಿದಿರಿನ ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು, ಕೈಕೆಲಸ ನಿಲ್ಲಿಸದೆ ಅವಳು ಅದನ್ನು ಹೇಳಿದಳು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನ ಖಾರ ಸ್ವಲ್ಪ ಇಳಿದೀತು. ಹೇಳಿದ್ದು ಮಾತ್ರ ಇಷ್ಟು:

“ಒಬ್ಬಳು ಕಾಲೇಜಿಗೆ ಹೋಗುವುದು, ಇನ್ನೊಬ್ಬಳು ಅಡಿಗೆಮನೆಯಲ್ಲಿ ಕೂರುವುದು, ನಾನು ಇರುವವರೆಗೆ ಈ ಮನೆಯಲ್ಲಿ ಆಗುವ ಮಾತಲ್ಲ. ಹರಿಣಿಗೆ ಸಿಗದ್ದು ಮೀನಾಳಿಗೂ ಬೇಡ.”

ಹರಿಣಿ ಎಂದರೆ ಹರಿಣಾಕ್ಷಿ, ನನ್ನ ಅಕ್ಕ. ಮೀನಾ ಎಂದರೆ ಮೀನಾಕ್ಷಿ, ನಾನು. ಅಕ್ಕ ಎಂದು ಕರೆಯುತ್ತೇನೆ, ಆದರೆ ಅವಳು ನನಗಿಂತ ದೊಡ್ಡವಳಾದದ್ದು ಒಂದು ಗಳಿಗೆಯಷ್ಟು ಮಾತ್ರ. ನಾವು ಅವಳಿಗಳು. ನಾರಾವಿಯ ಆಚೆಗಿನ ಆ ಮನೆಯ ಒಳಕೋಣೆಯಲ್ಲಿ, ಸೂಲಗಿತ್ತಿ ಬಂದು ಮುಟ್ಟುವ ಮೊದಲೇ ನಾವು ಹುಟ್ಟಿದೆವು. ಹಿಡಿದುಕೊಂಡವಳು ಅಜ್ಜಿ. ಮೊದಲು ಬಂದ ಅಕ್ಕ ಅಳಲಿಲ್ಲ. ಕೈಯಲ್ಲಿ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಳಂತೆ. ಹಿಂದೆಯೇ ಬಂದ ನಾನು ಕೈಕಾಲು ಬಡಿದು ಊರಿಗೆಲ್ಲ ಕೇಳುವ ಹಾಗೆ ಕಿರುಚಿದೆನಂತೆ. ಒಂದೇ ಹೊಟ್ಟೆ, ಒಂದೇ ಊಟ, ಒಬ್ಬಳು ಹೀಗೆ, ಒಬ್ಬಳು ಹಾಗೆ. ಅಜ್ಜಿ ಅಲ್ಲಿಯೇ, ರಕ್ತದ ಕೈ ತೊಳೆಯುವ ಮೊದಲೇ, ಲೆಕ್ಕ ಹಾಕಿ ಮುಗಿಸಿದಳು. ಹಿಂದೆ ಉಳಿದವಳು ಒಳಗಿದ್ದದ್ದನ್ನೆಲ್ಲ ಬಾಚಿಕೊಂಡು ಬಂದಿದ್ದಾಳೆ. ಅಕ್ಕನ ಪಾಲಿನ ಶಕ್ತಿ, ಅಕ್ಕನ ಪಾಲಿನ ಬುದ್ಧಿ, ಎರಡನ್ನೂ ತಂಗಿ ತಿಂದಿದ್ದಾಳೆ.

ಇದನ್ನು ಅವಳು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ನನಗೆ ಮಾತು ತಿಳಿಯುವ ವಯಸ್ಸು ಬಂದಾಗಿನಿಂದ ನಾನು ಕೇಳಿದ ಮೊದಲ ಸಂಗತಿ ಅದು. ಕೋಪದಲ್ಲಿ ಹೇಳುತ್ತಿದ್ದದ್ದೂ ಅಲ್ಲ. ಇವಳಿಗೆ ಬಲಗೈಯಲ್ಲಿ ಮಚ್ಚೆ ಉಂಟು ಎಂದು ಹೇಳುವ ಹಾಗೆ, ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ನನ್ನ ಮುಖ ನೋಡುತ್ತಿದ್ದರು.

ಅವಳಿ ಮಕ್ಕಳಿಗೆ ಭೇದ ಮಾಡಬಾರದು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅಜ್ಜಿ ಅದನ್ನು ಕಾನೂನು ಮಾಡಿದಳು. ಅವಳ ದೃಷ್ಟಿಯಲ್ಲಿ ಒಳಗೆ ಆದ ಅನ್ಯಾಯವನ್ನು ಹೊರಗೆ ಸರಿ ಮಾಡುವ ದಾರಿ ಅದೊಂದೇ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವುದು, ಮನೆ ಅಜ್ಜಿಯದ್ದು, ಮಾತೂ ಅಜ್ಜಿಯದ್ದು. ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಅಪ್ಪ ಸಂಜೆ ಬಂದು ಮೀಯುವ ನೀರಿಗೂ ಅವಳನ್ನು ಕೇಳುತ್ತಿದ್ದ. ಬಂಗುಡೆ ಮೀನಿನ ಸಾರು ಮಾಡಿದ ದಿನ ತಲೆ ಕಡೆಯ ತುಂಡು ಒಬ್ಬಳಿಗೆ, ಬಾಲದ ಕಡೆಯದ್ದು ಒಬ್ಬಳಿಗೆ, ಮರುವಾರ ಅದಲು ಬದಲು. ನೀರುದೋಸೆ ಇಬ್ಬರಿಗೂ ಮೂರು ಮೂರು. ಒಬ್ಬಳ ಲಂಗಕ್ಕೆ ಇದ್ದ ಬಟ್ಟೆಯೇ ಇನ್ನೊಬ್ಬಳಿಗೆ. ಅಕ್ಕ ನಿಧಾನ ಉಣ್ಣುವವಳು. ನಾಲಗೆ ದಪ್ಪ, ಅಗಿಯುವುದು ಕಷ್ಟ. ಅವಳು ಎದ್ದ ಮೇಲೆಯೇ ನಾನು ಏಳಬೇಕು. ಒಣಗಿದ ಕೈಯನ್ನು ಬಟ್ಟಲಿನ ಮೇಲೆ ಹಿಡಿದುಕೊಂಡು ಕಾದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ. ಅಮ್ಮ ಒಮ್ಮೆ ಹೇಳಿದ್ದಳು: ಅಕ್ಕ ನಡೆದದ್ದು ಮೂರು ವರ್ಷಕ್ಕೆ. ನಾನು ವರ್ಷ ತುಂಬುವ ಮೊದಲೇ ಗೋಡೆ ಹಿಡಿದು ನಿಂತೆ. ನಿಂತಾಗಲೆಲ್ಲ ಅಜ್ಜಿ ಬಂದು ನನ್ನ ಎರಡೂ ಭುಜ ಹಿಡಿದು ಕೆಳಗೆ ಕೂರಿಸುತ್ತಿದ್ದಳಂತೆ. ಅಕ್ಕ ಏಳಲಿ, ಮತ್ತೆ ನೀನು.

ಇಷ್ಟು ಓದಿ ನನ್ನ ಅಕ್ಕ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಮಗು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಮನೆಯಲ್ಲಿ ಅಜ್ಜಿಯ ನಂತರದ ಯಜಮಾನಿ ಅವಳೇ. ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ಹಾರ್ನಿನಿಂದಲೇ ಗುರುತಿಸುತ್ತಿದ್ದಳು. ಮನೆಗೆ ಬಂದವರ ಮುಖ ಮರೆತರೂ ಚಪ್ಪಲಿ ಮರೆಯುತ್ತಿರಲಿಲ್ಲ. ಶನಿವಾರ ಬೀಡಿ ಬ್ರಾಂಚಿನಲ್ಲಿ, ಕಟ್ಟಿದ ಬೀಡಿ ಕೊಟ್ಟು ಹೊಸ ಎಲೆ ತರುವ ಆ ಅಂಗಡಿಯಲ್ಲಿ, ಪರೀಕ್ಷೆ ಮಾಡುವವನು ಸಡಿಲ ಬೀಡಿಯನ್ನು ಮೂಗು ಮುರಿದು ಬಿಸಾಡುವುದನ್ನು ಹಾಗೆಯೇ ಮಾಡಿ ತೋರಿಸಿ, ಅಜ್ಜಿಯನ್ನೂ ನಗಿಸುತ್ತಿದ್ದಳು. ಅವಳಿಗೆ ಆಗದ್ದು ಅಕ್ಷರ, ಅಂಕೆ, ಹೊಸತು ಯಾವುದಾದರೂ. ಇವತ್ತು ಹೇಳಿಕೊಟ್ಟದ್ದು ನಾಳೆ ಇರುತ್ತಿರಲಿಲ್ಲ. ನಾಡಿದ್ದು ಇರುತ್ತಿತ್ತು, ಆಚೆ ನಾಡಿದ್ದು ಮತ್ತೆ ಹೋಗುತ್ತಿತ್ತು. ಅದು ಯಾಕೆ ಹೀಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಮಾತ್ರ ಗೊತ್ತಿತ್ತು.

ಶಾಲೆಯಲ್ಲೂ ನಾವು ಒಂದೇ ಬೆಂಚು. ನಾನು ಪಾಸಾದರೆ ಅವಳನ್ನೂ ಮುಂದಿನ ಕ್ಲಾಸಿಗೆ ಹತ್ತಿಸುತ್ತಿದ್ದರು, ತಂಗಿಯ ಜೊತೆ ಕೂರಲಿ ಪಾಪ ಎಂದು. ಅವಳ ಸ್ಲೇಟಿನಲ್ಲಿ ಬರೆಯುವವಳು ನಾನು, ಅವಳ ಪುಸ್ತಕಕ್ಕೆ ಬೈಂಡು ಹಾಕುವವಳು ನಾನು. ಐದನೇ ಕ್ಲಾಸಿನಲ್ಲಿ ನಾನು ಕ್ಲಾಸಿಗೆ ಮೊದಲಿಗಳಾದೆ. ಒಂದು ಸ್ಟೀಲ್ ಬಟ್ಟಲು ಬಹುಮಾನ ಬಂತು, ಅಂಚಿನಲ್ಲಿ ನನ್ನ ಹೆಸರು ಕೊರೆದದ್ದು. ಓಡಿಕೊಂಡು ಬಂದು ಜಗಲಿಯಲ್ಲಿ ಅಜ್ಜಿಯ ಎದುರು ಇಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ಪಕ್ಕದಲ್ಲಿ ಕೂತಿದ್ದ ಅಕ್ಕನ ಎದುರಿಗೆ ಸರಿಸಿದಳು.

“ಇದು ಅವಳದ್ದು. ಅವಳ ತಲೆಯಿಂದ ತೆಗೆದು ತಂದದ್ದಲ್ವಾ. ಕೊಡು.”

“ನಾನು ಓದಿದ್ದು ಅಜ್ಜಿ.”

“ಓದಿದ್ದು ನೀನು ಮಾರಾಯ್ತಿ. ಯಾವುದರಿಂದ ಓದಿದ್ದು?”

ಅಮ್ಮ ಅಲ್ಲಿಯೇ ಎಲೆ ಕತ್ತರಿಸುತ್ತಿದ್ದಳು. ಅಮ್ಮನ ಹೆಸರು ಗಿರಿಜ. ಅವಳು ತಲೆ ಎತ್ತಲಿಲ್ಲ. ಕತ್ತರಿಯ ಶಬ್ದ ಮಾತ್ರ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು. ಅಮ್ಮನ ಮೇಲಿನ ಸಿಟ್ಟು ನನಗೆ ಈಗಲೂ ಪೂರ್ತಿ ಹೋಗಿಲ್ಲ. ಅವಳ ಸಂಕಟ ಬೇರೆಯೇ ಇತ್ತು ಎಂದು ತಿಳಿದದ್ದು ತುಂಬ ತಡವಾಗಿ.

ಆ ಬಟ್ಟಲಿನ ನಂತರ ನನಗೆ ಒಂದು ಉಪಾಯ ಹೊಳೆಯಿತು. ತಿಂದದ್ದನ್ನು ಹಿಂದೆ ಕೊಡಬೇಕು. ಹೇಗೆ ಎಂದು ಯಾರೂ ಹೇಳಿರಲಿಲ್ಲ, ನಾನೇ ಕಂಡುಹಿಡಿದೆ. ಆರನೇ ಕ್ಲಾಸಿನ ಕೊನೆಯ ಪರೀಕ್ಷೆಯಲ್ಲಿ ಪ್ರತಿಯೊಂದು ಪೇಪರಿನಲ್ಲೂ ಸರಿಯಾಗಿ ಅರ್ಧ ಬರೆದು ಅರ್ಧ ಬಿಟ್ಟೆ. ಹತ್ತು ಪ್ರಶ್ನೆ ಇದ್ದರೆ ಐದು. ಉಳಿದ ಐದರ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಡುವುದರಲ್ಲಿಯೇ ವಿಷಯ ಇದ್ದದ್ದು. ನಾನು ಉಪಯೋಗಿಸದೆ ಬಿಟ್ಟದ್ದು ಪಕ್ಕದಲ್ಲಿ ಕೂತ ಅಕ್ಕನಿಗೆ ಹೋಗುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ಬಿಟ್ಟ ಜಾಗದ ಮೇಲೆ ಅಂಗೈ ಒತ್ತಿ ಕೂರುತ್ತಿದ್ದೆ. ಅಕ್ಕ ಅಷ್ಟು ಹೊತ್ತೂ ಪೇಪರಿನ ಅಂಚಿನಲ್ಲಿ ಸಾಲಾಗಿ ಬಸ್ಸಿನ ಚಕ್ರ ಬಿಡಿಸುತ್ತಿದ್ದಳು.

ಕಂಡುಹಿಡಿದವರು ಲಿಲ್ಲಿ ಟೀಚರ್. ಅವರು ನಮಗೆ ಗಣಿತ ಮತ್ತು ವಿಜ್ಞಾನ ಹೇಳುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು ಪೇಪರುಗಳನ್ನು ಮೇಜಿನ ಮೇಲೆ ಹರಡಿದರು.

“ಆರನೇ ಪ್ರಶ್ನೆಗೆ ಎಂತ ಆಯ್ತು?”

“ಬರ್ಲಿಲ್ಲ ಟೀಚರ್.”

“ಸುಳ್ಳು ಹೇಳ್ಬೇಡ. ಹೋದ ವಾರ ಬೋರ್ಡಿನ ಹತ್ರ ಇದೇ ಲೆಕ್ಕ ನೀನೇ ಮಾಡಿದ್ದು. ಕನ್ನಡದಲ್ಲೂ ಅರ್ಧ, ಸಮಾಜದಲ್ಲೂ ಅರ್ಧ. ಅಳತೆ ಹಿಡಿದು ಬಿಟ್ಟ ಹಾಗೆ ಉಂಟು. ಯಾರ ಮೇಲೆ ಸಿಟ್ಟು?”

“ಸಿಟ್ಟಲ್ಲ. ಉಳಿದದ್ದು ಅಕ್ಕನದ್ದು.”

ಅವರು ನಗಲಿಲ್ಲ. ಆ ಒಂದು ಕಾರಣಕ್ಕೆ ನಾನು ಅವರಿಗೆ ಸಾಯುವವರೆಗೆ ಋಣಿ. ಕುರ್ಚಿ ಎಳೆದು ನನ್ನನ್ನು ಕೂರಿಸಿ, ಒಂದೊಂದೇ ಪ್ರಶ್ನೆ ಕೇಳಿ, ಬಾಚಿಕೊಂಡು ಬಂದ ಕತೆಯನ್ನು ಪೂರ್ತಿ ಹೊರಗೆ ತೆಗೆದರು. ಮುಂದಿನ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಅದೇ ಸೀರೆಯಲ್ಲಿ ನೇರ ನಮ್ಮ ಜಗಲಿಗೆ ಬಂದರು.

“ಬನ್ನಿ ಟೀಚರ್, ಕೂತ್ಕೊಳ್ಳಿ. ಗಿರಿಜಾ, ಬೆಲ್ಲ ನೀರು ತಾ.” ಅಜ್ಜಿ ಮರ್ಯಾದೆಗೆ ಕಡಿಮೆ ಮಾಡುವವಳಲ್ಲ. ಕೈ ಮಾತ್ರ ಬೀಡಿ ಸುತ್ತುತ್ತಲೇ ಇತ್ತು.

ಟೀಚರ್ ಪೇಪರಿನ ಸಂಗತಿ ಹೇಳಿದರು. ಅಜ್ಜಿ ಕೇಳಿಸಿಕೊಂಡಳು.

“ಬಿಟ್ರೆ ಬಿಡ್ಲಿ. ಏಳನೇದು ಮುಗಿದ್ರೆ ಇಬ್ರೂ ಇಲ್ಲೇ ಕೂತ್ಕೊಳ್ಳುವುದು. ಒಬ್ಬಳಿಗೆ ಕತ್ತರಿ, ಒಬ್ಬಳಿಗೆ ನೂಲು.”

“ಅಜ್ಜಿ, ಹೊಟ್ಟೆಯಲ್ಲಿ ಒಬ್ಬಳ ಬುದ್ಧಿ ಇನ್ನೊಬ್ಬಳು ತಿನ್ಲಿಕ್ಕೆ ಆಗುವುದಿಲ್ಲ.”

“ನೀವು ಎಷ್ಟು ಹೆರಿಗೆ ನೋಡಿದ್ದೀರಿ? ಮದುವೆ ಕೂಡ ಆದವರಲ್ಲ ನೀವು. ನಾನು ಈ ಎರಡು ಕೈಯಲ್ಲಿ ಹಿಡಿದದ್ದು ಇವರನ್ನು.”

ಅಮ್ಮ ಬೆಲ್ಲದ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿಯೇ ನಿಂತುಬಿಟ್ಟಳು. ಟೀಚರ ಮುಖ ಕೆಂಪಾಯಿತು. ಆದರೆ ದನಿ ಏರಲಿಲ್ಲ.

“ಸರಿ, ನಾನು ನೋಡಿಲ್ಲ. ನೀವು ಹೊರಗೆ ಬಂದದ್ದನ್ನು ನೋಡಿದ್ದೀರಿ. ಒಳಗೆ ಆದದ್ದನ್ನು ನೀವೂ ನೋಡಿಲ್ಲ ಅಜ್ಜಿ. ಅದನ್ನು ನೋಡುವವರು ಇದ್ದಾರೆ. ಮಂಗಳೂರಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟ್ರು ನನಗೆ ಗೊತ್ತು. ರಕ್ತ ತೆಗೆದು ಪರೀಕ್ಷೆ ಮಾಡ್ತಾರೆ. ಹರಿಣಿ ಯಾಕೆ ಹೀಗೆ ಅಂತ ಹೇಳ್ತಾರೆ.”

ಅಜ್ಜಿಯ ಕೈ ಅಂದು ಮೊದಲ ಸಲ ನಿಂತಿತು. ಅವಳು ಸೋಲುವ ಭಯದಿಂದ ಯೋಚಿಸಿದವಳಲ್ಲ, ಗೆಲ್ಲುವ ಧೈರ್ಯದಿಂದ ಯೋಚಿಸಿದವಳು.

“ಆಯ್ತು. ನಾನು ಹೇಳಿದ್ದು ಸರಿ ಅಂತ ಅಲ್ಲಿ ಬಂದ್ರೆ ಮೀನಾಳ ಶಾಲೆ ಏಳಕ್ಕೆ ಬಂದ್. ಮತ್ತೆ ನೀವು ಈ ಜಗಲಿ ಹತ್ತಬಾರದು. ಇಲ್ಲದಿದ್ರೆ ಅವಳು ಎಲ್ಲಿಯವರೆಗೆ ಬೇಕಾದ್ರೂ ಹೋಗ್ಲಿ, ನಾನು ಅಡ್ಡ ಬರುವುದಿಲ್ಲ.”

ಮೀಯಲು ಹೊರಟಿದ್ದ ಅಪ್ಪ ಅಂಗಳದಲ್ಲಿ ನಿಂತು, “ಹೋಗಿ ಬರ್ಲಿ ಅತ್ತೆ,” ಎಂದ. ಅವಳ ಎದುರು ಅವನು ಆಡಿದ ಅಷ್ಟು ಉದ್ದದ ಮಾತು ನನಗೆ ಬೇರೆ ನೆನಪಿಲ್ಲ.

ಎಲ್ಲರೂ ಇದನ್ನು ನನ್ನ ಪರವಾದ ಮಾತು ಎಂದುಕೊಂಡರು. ನನಗೆ ಮಾತ್ರ ಹಾಗೆ ಅನಿಸಲಿಲ್ಲ. ಯಾಕೆಂದರೆ ಅಜ್ಜಿ ಹೇಳಿದ್ದು ನಿಜ ಎಂದು ನನಗೆ ಗೊತ್ತಿತ್ತು. ಇಷ್ಟು ದಿನ ಅದು ಜಗಲಿಯ ಮಾತು; ಇನ್ನು ಡಾಕ್ಟರು ರಕ್ತದಲ್ಲಿ ಅದನ್ನು ಹುಡುಕಿ ಕಾಗದದ ಮೇಲೆ ಬರೆದು ಕೊಡುತ್ತಾರೆ. ಕಳವು ಮಾಲು ನನ್ನೊಳಗೇ ಇದೆ, ಸಿಕ್ಕಿಯೇ ಸಿಗುತ್ತದೆ.

ಮೂಡಬಿದ್ರಿಯಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಹೋದೆವು, ಅಜ್ಜಿ, ಅಮ್ಮ, ನಾವಿಬ್ಬರು, ಲಿಲ್ಲಿ ಟೀಚರ್. ಡಾಕ್ಟರು ಮೂವತ್ತು ದಾಟಿದ ಹೆಂಗಸು, ಕನ್ನಡಕ, ಮೆಲು ಮಾತು. ಅಕ್ಕನ ಅಂಗೈಯ ಗೆರೆ, ಕಣ್ಣಿನ ಓರೆ, ಕತ್ತಿನ ಹಿಂಭಾಗ ನೋಡಿದರು, ಎದೆಗೆ ಕಿವಿಕೊಟ್ಟರು. ಅವರಿಗೆ ಆಗಲೇ ಗೊತ್ತಾಗಿತ್ತು ಎಂದು ಈಗ ಅನಿಸುತ್ತದೆ. ಹರಿಣಾಕ್ಷಿಯ ರಕ್ತ ತೆಗೆಯಲು ನರ್ಸಿಗೆ ಹೇಳಿದರು. ಅಜ್ಜಿ ಅಕ್ಕನ ತೋಳನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು.

“ಒಬ್ಬಳದ್ದು ತೆಗೆಯುವುದಾದ್ರೆ ಇನ್ನೊಬ್ಬಳದ್ದೂ ತೆಗೀಬೇಕು.”

“ಅವಳಿಗೆ ಅಗತ್ಯ ಇಲ್ಲ ಅಜ್ಜಿ. ಅವಳು ಸರಿ ಇದ್ದಾಳೆ.”

“ಇವರು ಅವಳಿ. ನಮ್ಮಲ್ಲಿ ಭೇದ ಮಾಡುವ ಕ್ರಮ ಇಲ್ಲ. ಆಗುವುದಿಲ್ಲ ಅಂದ್ರೆ ನಾವು ಹೋಗುವ.”

ಡಾಕ್ಟರು ಟೀಚರ ಮುಖ ನೋಡಿದರು. ಟೀಚರ್ ಕಣ್ಣಲ್ಲೇ ಬೇಡಿಕೊಂಡರು. ಕೊನೆಗೆ ಇಬ್ಬರದ್ದೂ ತೆಗೆದರು. ಅಕ್ಕ ಹೆದರಲಿಲ್ಲ. ನರ್ಸಿಗೆ “ಮೆಲ್ಲ, ಮೆಲ್ಲ” ಎಂದು ಬುದ್ಧಿ ಹೇಳಿ, ಸೂಜಿ ಹೋಗುವುದನ್ನೇ ನೋಡಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಎರಡು ಗಾಜಿನ ನಳಿಕೆಗಳು ಪಕ್ಕಪಕ್ಕದಲ್ಲಿ ಇದ್ದವು. ಬಣ್ಣದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಅದರಿಂದ ಸಮಾಧಾನ ಆಗಲಿಲ್ಲ.

ರಿಪೋರ್ಟಿಗೆ ಒಂದು ತಿಂಗಳು ಎಂದರು. ಆ ತಿಂಗಳು ನಾನು ಅಕ್ಕನಿಗೆ ಹಿಂದೆ ಕೊಡುವ ಕೆಲಸಕ್ಕೆ ಕೂತೆ. ರಿಪೋರ್ಟು ಬರುವುದರೊಳಗೆ ಕೊಟ್ಟು ಮುಗಿಸಿದರೆ ನನ್ನಲ್ಲಿ ಏನೂ ಸಿಗಲಾರದು ಎಂಬ ಲೆಕ್ಕ. ರಕ್ತ ಆಗಲೇ ಕೊಟ್ಟಾಗಿದೆ ಎನ್ನುವುದು ತಲೆಗೆ ಹೋಗಲಿಲ್ಲ. ಅಡಿಗೆಮನೆಯ ಹಿಂದಿನ ಚಾವಡಿಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಎರಡರ ಮಗ್ಗಿ ಹೇಳಿಸುತ್ತಿದ್ದೆ. ಎರಡು ಒಂದಲ ಎರಡು. ಎರಡು ಎರಡಲ, ಎಂದರೆ ಅವಳು ಬಸ್ಸಿನ ಹೆಸರು ಹೇಳುತ್ತಿದ್ದಳು. ಮೊದಲು ಅಂಗಲಾಚಿದೆ, ಆಮೇಲೆ ಹೆದರಿಸಿದೆ. ಒಂದು ಮಧ್ಯಾಹ್ನ, ಇಪ್ಪತ್ತನೆಯದೋ ಮೂವತ್ತನೆಯದೋ ಸಲ ಅವಳು ನಕ್ಕಾಗ, ಸ್ಲೇಟಿನ ಚೌಕಟ್ಟಿನಿಂದ ಅವಳ ಕೆನ್ನೆಗೆ ಹೊಡೆದೆ. ಅಕ್ಕ ಅಳಲಿಲ್ಲ. ಸ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಕಾಲಿನ ಕೆಳಗೆ ಇಟ್ಟುಕೊಂಡಳು. ಸಂಜೆ ಅಜ್ಜಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

“ಇದೆಂತ ಕೆಂಪು? ಯಾರು ಮಾಡಿದ್ದು?”

ಅಕ್ಕ ಜಗಲಿಯ ಕಡೆ ಕೈ ತೋರಿಸಿ, ದಪ್ಪ ನಾಲಗೆಯಲ್ಲಿ ಒಂದೊಂದೇ ಮಾತು ಜೋಡಿಸಿ ಹೇಳಿದಳು.

“ಕಂಬ. ಕಂಬ ತಾಗಿತು.”

ಎರಡರ ಮಗ್ಗಿ ಬಾರದವಳು ನನ್ನನ್ನು ಉಳಿಸಲು ನಿಂತ ನಿಲುವಿನಲ್ಲಿ ಒಂದು ಸುಳ್ಳು ಕಟ್ಟಿದಳು. ಬುದ್ಧಿ ಎಂದರೆ ಏನು, ಅದರ ಅಳತೆ ಯಾವುದು ಎಂದು ಆಮೇಲೆ ಕೆಲಸದ ತರಬೇತಿಗಳಲ್ಲಿ ಕೇಳಿದ್ದೇನೆ, ಪುಸ್ತಕಗಳಲ್ಲಿ ಓದಿದ್ದೇನೆ. ಆ ಸಂಜೆಯಷ್ಟು ಸ್ಪಷ್ಟವಾಗಿ ಎಲ್ಲಿಯೂ ತಿಳಿಯಲಿಲ್ಲ. ಅವಳಿಗೆ ನಾನು ಹೊಡೆದದ್ದು ಅದೊಂದೇ ಸಲ.

ರಿಪೋರ್ಟಿನ ದಿನ ಎಲ್ಲರೂ ಮತ್ತೆ ಮಂಗಳೂರಿಗೆ ಹೋದೆವು. ಡಾಕ್ಟರು ಮೇಜಿನ ಮೇಲೆ ಎರಡು ಹಾಳೆ ಇಟ್ಟರು. ಪ್ರತಿಯೊಂದರಲ್ಲೂ ಸಣ್ಣ ಸಣ್ಣ ಕಪ್ಪು ಕಡ್ಡಿಗಳ ಹಾಗಿನ ಚಿತ್ರ, ಮೈಮೇಲೆ ಪಟ್ಟೆ ಇದ್ದದ್ದು, ಎರಡೆರಡು ಜೋಡಿಸಿ ಸಾಲಾಗಿ ಇಟ್ಟದ್ದು.

“ಇವು ವರ್ಣತಂತುಗಳು. ನಮ್ಮ ಮೈಯ ಒಂದೊಂದು ಜೀವಕೋಶದ ಒಳಗೂ ಇರ್ತವೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಹಾಗೆ ಜೋಡಿ. ಎಲ್ಲರಿಗೂ ಇಪ್ಪತ್ತಮೂರು ಜೋಡಿ. ಇದು ಮೀನಾಕ್ಷಿದು. ಇದು ಹರಿಣಾಕ್ಷಿದು. ಇಲ್ಲಿ ನೋಡಿ…”

“ನೀವು ತೋರಿಸ್ಬೇಡಿ,” ಎಂದಳು ಅಜ್ಜಿ. “ನಾನೇ ನೋಡ್ತೇನೆ.”

ಅಜ್ಜಿಗೆ ಅಕ್ಷರ ಬಾರದು. ಆದರೆ ಇಪ್ಪತ್ತೈದು ಬೀಡಿಯ ಕಟ್ಟಿನಲ್ಲಿ ಒಂದು ಕಡಿಮೆ ಇದ್ದರೆ ನೂಲು ಬಿಚ್ಚದೆ ಬೆರಳಿನಲ್ಲೇ ಹೇಳುವವಳು ಅವಳು. ಎರಡೂ ಹಾಳೆಗಳನ್ನು ಒಂದರ ಪಕ್ಕ ಒಂದು ಎಳೆದುಕೊಂಡು, ತಂಬಾಕಿನಿಂದ ಹಳದಿಯಾದ ಹೆಬ್ಬೆರಳಿನ ಉಗುರನ್ನು ನನ್ನ ಹಾಳೆಯ ಮೊದಲ ಜೋಡಿಯ ಮೇಲೆ ಇಟ್ಟಳು. ಆಮೇಲೆ ಅಕ್ಕನದರ ಮೊದಲ ಜೋಡಿಗೆ. ಆಮೇಲೆ ನನ್ನ ಎರಡನೆಯದು, ಅಕ್ಕನ ಎರಡನೆಯದು. ಫ್ಯಾನು ತಿರುಗುತ್ತಿತ್ತು. ಉಗುರು ಒಂದು ಸಾಲು ಮುಗಿಸಿ ಇಳಿಯಿತು, ಇನ್ನೊಂದು ಸಾಲಿಗೆ ಹೋಯಿತು. ಅಕ್ಕನ ಹಾಳೆಯಲ್ಲಿ ಎಲ್ಲೋ ಒಂದು ಕಡೆ ಖಾಲಿ ಜಾಗ ಇರುತ್ತದೆ, ಅದರ ಜೊತೆಯದ್ದು ನನ್ನ ಹಾಳೆಯಲ್ಲಿ ಕೂತಿರುತ್ತದೆ ಎಂದು ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಕೊನೆಯ ಸಾಲಿನಲ್ಲಿ, ತೀರಾ ಸಣ್ಣ ಕಡ್ಡಿಗಳ ಹತ್ತಿರ, ಉಗುರು ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲಿಗೇ ಬಂತು.

“ಇಲ್ಲಿ ಇವಳಿಗೆ ಮೂರುಂಟು.”

“ಹೌದು ಅಜ್ಜಿ. ಇಪ್ಪತ್ತೊಂದನೇ ಜೋಡಿ ಅದು. ಎರಡರ ಬದಲು ಮೂರು ಉಂಟು.”

“ಕಮ್ಮಿ ಎಲ್ಲಿ?”

“ಕಮ್ಮಿ ಎಲ್ಲಿಯೂ ಇಲ್ಲ.”

“ಬುದ್ಧಿ ಕಮ್ಮಿ ಇರುವವಳಿಗೆ ಜಾಸ್ತಿ ಇರುವುದು ಹೇಗೆ? ಸರಿ ನೋಡಿ ಹೇಳಿ. ಹಾಳೆ ಅದಲು ಬದಲು ಆಗಿರ್ಬಹುದು.”

“ಆಗಿಲ್ಲ. ಅಜ್ಜಿ, ನಿಮ್ಮ ಅಡಿಗೆಮನೆಯಲ್ಲಿ ಸೊಸೆಯಂದಿರು ಇಬ್ರು ಅಂತ ಇಟ್ಕೊಳ್ಳಿ. ಇಬ್ರೂ ಅವರವರ ಕೆಲಸ ಮಾಡ್ತಾರೆ. ಅಲ್ಲಿಗೆ ಮೂರನೆಯವಳು ಬಂದು ಅವರು ಹೇಳಿದ್ದನ್ನೇ ಅವಳೂ ಹೇಳ್ಲಿಕ್ಕೆ ಶುರು ಮಾಡಿದ್ರೆ?”

“ಗಲಾಟೆ,” ಎಂದಳು ಅಜ್ಜಿ, ತಕ್ಷಣ.

“ಅದೇ. ಮೈ ಹೇಗೆ ಬೆಳೀಬೇಕು, ಮಿದುಳು ಹೇಗೆ ಬೆಳೀಬೇಕು ಅಂತ ಹೇಳುವುದು ಇವು. ಒಂದು ಜಾಸ್ತಿ ಇದ್ರೆ ಹೃದಯಕ್ಕೆ, ಮಾತಿಗೆ, ನೆನಪಿಗೆ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ತೊಂದರೆ ಆಗ್ತದೆ. ಕಲಿಯುವುದು ನಿಧಾನ. ಆದ್ರೆ ಅವಳು ಕಲೀತಾಳೆ. ಶಾಲೆ ಬಿಡಿಸಿ ಕೂರಿಸಿದ್ರೆ ಮಾತ್ರ ಕಲಿಯುವುದಿಲ್ಲ.”

ಅಮ್ಮ ಆಗ ಬಾಯಿ ತೆರೆದಳು. ಹನ್ನೆರಡು ವರ್ಷದಿಂದ ಒಳಗೆ ಇಟ್ಟುಕೊಂಡದ್ದು ಒಂದೇ ಮಾತಿನಲ್ಲಿ ಹೊರಗೆ ಬಿತ್ತು.

“ನಾನು ಬಸುರಿ ಇರುವಾಗ ಹೊಗೆಸೊಪ್ಪಿನ ಮಧ್ಯ ಕೂತು ಬೀಡಿ ಕಟ್ಟಿದೆ. ಅದರಿಂದ ಆಯ್ತಾ ಡಾಕ್ಟ್ರೇ?”

“ಇಲ್ಲ. ಇದು ನೀವು ಬಸುರಿ ಅಂತ ನಿಮಗೆ ಗೊತ್ತಾಗುವ ಮೊದಲೇ ಆದದ್ದು. ಇವರಿಬ್ರು ಬೇರೆ ಬೇರೆ ಮೊಟ್ಟೆಯಿಂದ ಬಂದವರು. ಹೆಚ್ಚಾಗಿ ಆ ಮೊಟ್ಟೆ ತಯಾರಾಗುವಾಗಲೇ ಹೀಗೆ ಆಗ್ತದೆ. ಯಾರದ್ದೂ ತಪ್ಪಲ್ಲ.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಷ್ಟು ವರ್ಷ ಯಾಕೆ ತಲೆ ಎತ್ತಿರಲಿಲ್ಲ ಎಂದು ನನಗೆ ಆಗ ಅರ್ಧ ತಿಳಿಯಿತು. ಕಳ್ಳಿ ನಾನು ಎಂದು ಎಲ್ಲರೂ ನಂಬಿರುವವರೆಗೆ ತಪ್ಪು ಅವಳ ಮೇಲೆ ಬರುತ್ತಿರಲಿಲ್ಲ. ನಾನು ಅವಳನ್ನು ಬಿಟ್ಟು ಮೇಜಿನ ಹತ್ತಿರ ಹೋದೆ. ಕೇಳಬೇಕಾದ್ದು ನನಗೂ ಒಂದಿತ್ತು. ಟೀಚರ್ ನನ್ನ ಬೆನ್ನಿಗೆ ಕೈ ಇಟ್ಟರು.

“ನನ್ನಲ್ಲಿ ಇರುವುದು ಎಲ್ಲಾ ನನ್ನದೇನಾ ಡಾಕ್ಟ್ರೇ?”

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಟೀಚರ ಮುಖ ನೋಡಿ, ಮತ್ತೆ ನನ್ನನ್ನು ನೋಡಿ, ನನ್ನ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು.

“ಎಣಿಸು ಮಗಾ. ಒಂದೂ ಬೇರೆಯವರದ್ದಲ್ಲ.”

ಎಣಿಸಲಿಲ್ಲ. ಕಣ್ಣು ಮಂಜಾಗಿತ್ತು.

ಅಜ್ಜಿ ಮಾತಿಗೆ ತಪ್ಪಲಿಲ್ಲ, ಒಪ್ಪಲೂ ಇಲ್ಲ. ಹಿಂದೆ ಬರುವಾಗ ಮೂಡಬಿದ್ರಿಯ ಬಸ್‌ಸ್ಟ್ಯಾಂಡಿನಲ್ಲಿ ಟೀಚರ ಕಡೆ ನೋಡದೆ ಹೇಳಿದಳು: “ಅಡ್ಡ ಬರುವುದಿಲ್ಲ ಅಂದಿದ್ದೇನೆ, ಬರುವುದಿಲ್ಲ. ಆದ್ರೆ ಮೀನಾಳಿಂದ ಕಾಲೇಜು ಮುಗಿಸ್ಲಿಕ್ಕೆ ಆಗ್ಲಿಕ್ಕಿಲ್ಲ. ಇಬ್ರೂ ಕಲೀಬೇಕು ಅಂತ ಡಾಕ್ಟ್ರು ಹೇಳಿದ್ದಾರಲ್ಲ, ಹಾಗಾದ್ರೆ ಇಬ್ರನ್ನೂ ಕಳಿಸ್ಬೇಕು.” ಭೇದ ಮಾಡಬಾರದು ಎಂಬ ಕಾನೂನನ್ನು ಅವಳು ಬಿಡಲಿಲ್ಲ, ತಿರುಗಿಸಿ ಹಿಡಿದಳು ಅಷ್ಟೆ. ಅಂದಿನಿಂದ ಬಂದವರಿಗೆ ಬಾಚಿಕೊಂಡ ಕತೆ ಹೇಳುವುದನ್ನು ನಿಲ್ಲಿಸಿದಳು. ಆದರೆ ಹೇಳಿದ್ದು ತಪ್ಪಾಯಿತು ಎಂದು ಯಾರ ಎದುರೂ ಹೇಳಲಿಲ್ಲ. ಒಂದು ಮಾತು ನಿಲ್ಲುವುದಕ್ಕೂ ಅದನ್ನು ಹಿಂದೆ ತೆಗೆದುಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ ಉಂಟು ಎಂದು ಗೊತ್ತಾಗಬೇಕಾದರೆ ಆ ಮಾತಿನ ಕೆಳಗೆ ಬೆಳೆದಿರಬೇಕು. ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ನಾನು ಎಲ್ಲ ಪ್ರಶ್ನೆಗೂ ಉತ್ತರ ಬರೆದೆ.

ಆಮೇಲಿನ ಹತ್ತು ವರ್ಷವನ್ನು ಉದ್ದ ಮಾಡುವುದಿಲ್ಲ. ಅಕ್ಕನಿಗೆ ಮೂಡಬಿದ್ರಿಯ ಕಡೆ ಒಂದು ವಿಶೇಷ ಶಾಲೆ ಸಿಕ್ಕಿತು. ಬೆಳಿಗ್ಗೆ ಅವಳನ್ನು ಅಲ್ಲಿ ಬಿಟ್ಟು ನಾನು ಹೈಸ್ಕೂಲಿಗೆ, ಮುಂದೆ ಕಾಲೇಜಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಎದ್ದು ಒಂದಷ್ಟು ಬೀಡಿ ಕಟ್ಟುವುದು, ಸಂಜೆ ಬಂದು ಒಂದಷ್ಟು. ಪುಸ್ತಕಗಳಿಗೆಲ್ಲ ಹೊಗೆಸೊಪ್ಪಿನ ವಾಸನೆ. ಕಾಲೇಜಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡದ್ದುಂಟು. ಅಕ್ಕ ಹದಿನೈದಕ್ಕೆ ತನ್ನ ಹೆಸರು ಬರೆದಳು, ಹತ್ತೊಂಬತ್ತಕ್ಕೆ ಬಸ್ಸಿನ ಬೋರ್ಡು ಓದಿದಳು. ಹಾರ್ನಿನಿಂದ ಗೊತ್ತಿದ್ದದ್ದನ್ನು ಅಕ್ಷರದಲ್ಲಿ ನೋಡಿ, ಸರಿಯಾಗಿಯೇ ಬರೆದಿದ್ದಾರೆ ಎನ್ನುವ ಹಾಗೆ ತಲೆ ಆಡಿಸಿದಳು. ನನ್ನ ಬಿ.ಎ. ಕೊನೆಯ ಪರೀಕ್ಷೆಯ ಹೊತ್ತಿಗೆ ಅವಳಿಗೆ ನ್ಯುಮೋನಿಯಾ ಬಂತು. ಆಸ್ಪತ್ರೆಯಲ್ಲಿ ನನ್ನ ಕೈ ಬಿಡಲಿಲ್ಲ. ಎರಡು ಪೇಪರು ತಪ್ಪಿಹೋದವು. ಇಲ್ಲಿಗೆ ಸಾಕು ಮಗಾ ಎಂದಳು ಅಮ್ಮ. ಅಜ್ಜಿ ಏನೂ ಹೇಳಲಿಲ್ಲ. ತಾನು ಹೇಳಿದ ಹಾಗೆಯೇ ಆಗುತ್ತಿದೆ ಎಂದು ಸುಮ್ಮನಿದ್ದಾಳೆ ಎಂದುಕೊಂಡೆ. ಆ ಮೌನದ ಮೇಲಿನ ಹಟಕ್ಕೇ ಆರು ತಿಂಗಳ ನಂತರ ಎರಡನ್ನೂ ಬರೆದು ಪಾಸಾದೆ. ನಮ್ಮ ಮನೆಯಲ್ಲಿ, ತಾಯಿಯ ಕಡೆಯಲ್ಲಾಗಲಿ ತಂದೆಯ ಕಡೆಯಲ್ಲಾಗಲಿ, ಹತ್ತನೇ ಕ್ಲಾಸು ದಾಟಿದವರು ನನ್ನ ಮೊದಲು ಯಾರೂ ಇರಲಿಲ್ಲ. ಇದನ್ನು ಬರೆಯುವಾಗ ನನಗೆ ಸಂಕೋಚ ಇಲ್ಲ. ಈಗ ಬಂಟ್ವಾಳದಲ್ಲಿ ಕೆಲಸದಲ್ಲಿದ್ದೇನೆ, ಅಕ್ಕ ನನ್ನ ಜೊತೆಗಿದ್ದಾಳೆ, ಆಚೆ ಕೋಣೆಯಲ್ಲಿ ಟಿ.ವಿ. ದೊಡ್ಡದು ಮಾಡಿ ಕೂತಿದ್ದಾಳೆ.

ಪದವಿ ಪ್ರಮಾಣಪತ್ರ ಕಾಲೇಜಿನ ಕಚೇರಿಗೆ ಬಂದ ದಿನ ಅಕ್ಕನನ್ನೂ ಕರೆದುಕೊಂಡು ಹೋಗಿ ಸಹಿ ಹಾಕಿ ತೆಗೆದುಕೊಂಡೆ. ಮನೆಗೆ ಬರುವವರೆಗೆ ಲಕೋಟೆ ಹಿಡಿದುಕೊಂಡವಳು ಅವಳೇ, ಕಂಡಕ್ಟರಿಗೂ ಮುಟ್ಟಲು ಕೊಡಲಿಲ್ಲ. ಅಜ್ಜಿಗೆ ಆಗ ಕಣ್ಣು ಬಹಳ ಮಂಜು, ಬೀಡಿ ಕಟ್ಟುವುದು ಬಿಟ್ಟು ಎರಡು ವರ್ಷವಾಗಿತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅಕ್ಕ ನನ್ನನ್ನು ಕೇಳದೆ ಕಾಗದವನ್ನು ಹೊರತೆಗೆದು ಅವಳ ಎರಡು ಕೈಗೆ ಇಟ್ಟಳು.

“ಎಂತ ಇದು?”

“ಮೀನಾಂದು,” ಎಂದಳು ಅಕ್ಕ.

ಅಜ್ಜಿ ಅದನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು. ಬೆರಳಿನಿಂದ ಅಂಚು ಸವರಿದಳು.

“ಓದಿ ಹೇಳು. ಎಂತೆಂತ ಬರೆದಿದ್ದಾರೆ?”

ನಾನು ಓದಿದೆ. ನನ್ನ ಹೆಸರು, ಬಿ.ಎ., ಎರಡನೇ ದರ್ಜೆ, ಕೆಳಗೆ ಸಹಿ, ಮೊಹರು.

“ಅಷ್ಟೇನಾ?”

“ಅಷ್ಟೇ ಅಜ್ಜಿ.”

“ನಾನು ನಿನಗೆ ಹೇಳ್ತಾ ಇದ್ದದ್ದು ತಪ್ಪು ಅಂತ ಇದರಲ್ಲಿ ಎಲ್ಲಿಯೂ ಬರೆದಿಲ್ವಾ?”

“ಇಲ್ಲ.”

ಅವಳು ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಹಾಗಾದ್ರೆ ಅದನ್ನು ನಾನೇ ಹೇಳ್ಬೇಕು.”